ಗುರುತಿಲ್ಲದ ಬೆಳ್ಳಿಯ ಕುಲಗೋತ್ರ ನಿರ್ಣಯ

ಮನೆತನದ ಗುರುತಿಲ್ಲದ ಬೆಳ್ಳಿ ಎಂದರೆ, ಯಾರು ಮಾಡಿದ್ದು, ಯಾವಾಗ ಮಾಡಿದ್ದು, ಏತಕ್ಕೆ ಮಾಡಿದ್ದು ಎಂಬ ಮೂರು ಪ್ರಶ್ನೆಗಳಿಗೂ ಮನೆಯ ಪ್ರತಿಯೊಬ್ಬರ ಬಳಿ ಖಚಿತ ಉತ್ತರವಿದ್ದು, ಯಾವ ಇಬ್ಬರ ಉತ್ತರವೂ ಒಂದಕ್ಕೊಂದು ತಾಳೆಯಾಗದ ಬೆಳ್ಳಿ. ಚಳ್ಳಕೆರೆ ಮತ್ತು ಮೊಳಕಾಲ್ಮೂರು ಸೀಮೆಯಲ್ಲಿ ಇದು ಡಾಬು, ಉಡಿದಾರ, ಕಾಲ್ಗಡಗ, ತೋಳಬಂದಿ, ಲಿಂಗದ ಕರಡಿಗೆ, ಸುಣ್ಣದ ಡಬ್ಬಿ, ಒಳಲೆ ಎಂಬ ರೂಪಗಳಲ್ಲಿ ದೊರೆಯುತ್ತದೆ. ಡಾಬು ಸೊಂಟಕ್ಕೆ, ಕಡಗ ಕಾಲಿಗೆ ಎಂಬುದರಲ್ಲಿ ವಿವಾದವಿಲ್ಲದ್ದರಿಂದ ಅಲ್ಲಿ ವಿದ್ವತ್ತಿಗೆ ಕೆಲಸವಿಲ್ಲ. ಒಳಲೆಯ ವಿಷಯ ಹಾಗಲ್ಲ.

ಮುದ್ರೆ ಏಕಿಲ್ಲ ಎಂಬುದನ್ನು ಮೊದಲು ನೋಡಬೇಕು. ಹೆಸರು ಹಾಕುವ ವಿದ್ಯೆ ಈ ಸೀಮೆಗೆ ಹೊಸದಲ್ಲ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಬಿ.ಎಲ್. ರೈಸ್ 1892ರಲ್ಲಿ ಪತ್ತೆ ಮಾಡಿದ ಅಶೋಕನ ಶಾಸನಗಳ ಕೊನೆಯಲ್ಲಿ ಚಪಡನೆಂಬವನು ಬರೆದವನು ತಾನೆಂದು ಹೇಳಿಕೊಂಡಿದ್ದಾನೆ. ಅಷ್ಟಕ್ಕೆ ತೃಪ್ತಿಯಾಗದೆ, ಲಿಪಿಕಾರನೆಂಬ ತನ್ನ ಹುದ್ದೆಯನ್ನು ದೂರದ ವಾಯವ್ಯ ಸೀಮೆಯ ಖರೋಷ್ಠಿ ಲಿಪಿಯಲ್ಲಿ ಕೆತ್ತಿದ್ದಾನೆ. ಇಲ್ಲಿ ಅದನ್ನು ಓದುವವರು ಯಾರಿದ್ದರೋ. ಲಂಡನ್ನಿನ ಬೆಳ್ಳಿಗೆ 1300ರಲ್ಲೇ ಚಿರತೆಯ ತಲೆಯ ಮುದ್ರೆ ಬಂತು. ಭಾರತದಲ್ಲಿ ಬೆಳ್ಳಿಗೆ ಸರ್ಕಾರಿ ಹಾಲ್‌ಮಾರ್ಕ್ ಬಂದದ್ದು 2005ರಲ್ಲಿ. ಈ ನಡುವಿನ ಏಳುನೂರು ವರ್ಷ ಊರಿನ ಅಕ್ಕಸಾಲಿಗ ಸುಮ್ಮನಿದ್ದುದಕ್ಕೆ ಕಾರಣ, ಮುದ್ರೆ ಬೇಕಾಗುವುದು ಮಾಡಿದವನ ಮುಖ ಕಾಣದ ಗಿರಾಕಿಗೆ. ಇಲ್ಲಿ ಬೆಳ್ಳಿ ಕೊಟ್ಟವರು ಕುಲುಮೆಯ ಎದುರಿಗೇ ಕುಕ್ಕರುಗಾಲಲ್ಲಿ ಕೂತು, ಮೂಸೆಯಿಂದ ಕಣ್ಣು ಕೀಳದೆ, ಒಡವೆ ಕೈಗೆ ಬಂದ ಮೇಲೆಯೇ ಏಳುತ್ತಿದ್ದರು.

ಇದಕ್ಕೆ ಪೋಷಕ ಸಾಕ್ಷ್ಯ ಅದೇ ಮನೆಯ ಅಡುಗೆಮನೆಯಲ್ಲಿದೆ. ಸ್ಟೀಲ್ ಚೊಂಬಿನ ಮೇಲೆ ಕೊಟ್ಟವರ ಹೆಸರು, ಊರು, ಮದುವೆಯ ತಾರೀಕು ಎಲ್ಲವೂ ಚುಕ್ಕಿ ಚುಕ್ಕಿಯಾಗಿ ಕೆತ್ತಿರುತ್ತವೆ. ಚೊಂಬು ನಾಯಕನಹಟ್ಟಿಯ ತೇರಿಗೂ ಗೌರಸಮುದ್ರದ ಮಾರಮ್ಮನ ಜಾತ್ರೆಗೂ ಹೋಗಿ, ಇನ್ನೊಬ್ಬರ ಟ್ರ್ಯಾಕ್ಟರಿನಲ್ಲಿ ವಾಪಸು ಬರುವ ವಸ್ತು. ಬೆಳ್ಳಿ ಟ್ರಂಕು ಬಿಟ್ಟು ಹೋಗುವುದಿಲ್ಲ.

ಆದ್ದರಿಂದ ಉತ್ಖನನ ಟ್ರಂಕಿನಲ್ಲೇ ನಡೆಯಬೇಕು. ಮಾರ್ಟಿಮರ್ ವೀಲರ್ 1947ರಲ್ಲಿ ಬ್ರಹ್ಮಗಿರಿಯನ್ನು ಅಗೆದು ಮೂರು ಸಂಸ್ಕೃತಿಗಳನ್ನು ಬೇರ್ಪಡಿಸಿದರು: ಕೆಳಗೆ ಕಲ್ಗೊಡಲಿಯವರು, ನಡುವೆ ಬೃಹತ್ ಶಿಲಾಗೋರಿಯವರು, ಮೇಲೆ ಸಾತವಾಹನರ ಕಾಲದವರು. ಟ್ರಂಕಿನಲ್ಲಿ ಪದರಗಳು ನಾಲ್ಕು. ಮೇಲಿನದು ಪಹಣಿ, ರೇಷನ್ ಕಾರ್ಡು, ಅವಧಿ ಮುಗಿದ ವಿಮೆಯ ಬಾಂಡುಗಳದು. ಎರಡನೆಯದು ನುಸಿಗುಳಿಗೆಯ ಪದರ. ಇಲ್ಲಿ ಅವಶೇಷಗಳಿಲ್ಲ, ವಾಸನೆ ಮಾತ್ರ. ಮೂರನೆಯದು ಮೊಳಕಾಲ್ಮೂರು ರೇಷ್ಮೆ ಸೀರೆ. ಹಳೆಯ ಅಸಲಿ ಜರಿ ಎಂದರೆ ಬೆಳ್ಳಿಯ ಎಳೆಗೆ ಚಿನ್ನದ ಲೇಪ. ಹಾಗಾಗಿ ಮನೆಯ ನಿಜವಾದ ಗುರುತಿಲ್ಲದ ಬೆಳ್ಳಿ ಸೀರೆಯ ಸೆರಗಿನಲ್ಲೇ ಇದೆ ಎಂಬುದು ಹಳೇ ಜರಿ ಕೊಳ್ಳಲು ಬಾಗಿಲಿಗೆ ಬರುವವರ ಸಿದ್ಧಾಂತ. ನಾಲ್ಕನೆಯ ಪದರದಲ್ಲಿ, ಪಂಚೆಯ ತುಂಡಿನಲ್ಲಿ ಸುತ್ತಿದ ಒಳಲೆ. ಕೆಳಗಿರುವುದೇ ಹಳೆಯದು ಎಂಬುದು ಪದರಶಾಸ್ತ್ರದ ನಿಯಮ. ಆದರೆ ತಳ ತುಕ್ಕು ಹಿಡಿದಾಗಲೆಲ್ಲ ಟ್ರಂಕನ್ನು ಬೋರಲು ಸುರಿದು ಮತ್ತೆ ತುಂಬಿರುತ್ತಾರೆ. ವೀಲರ್‌ಗೆ ಈ ತೊಂದರೆ ಇರಲಿಲ್ಲ.

ಒಳಲೆಯು ಅಂಗೈಯಲ್ಲಿ ಕೂರುವ, ಒಂದು ಕಡೆ ಮೂತಿ ಚಾಚಿದ ಪುಟ್ಟ ಬಟ್ಟಲು. ಇದರ ಉಪಯೋಗದ ಬಗ್ಗೆ ಮೂರು ಪಂಥಗಳಿವೆ. ದೀಪಪಂಥದವರು ಮೂತಿಯಲ್ಲಿ ಬತ್ತಿಯನ್ನು ಕಾಣುತ್ತಾರೆ, ಮಸಿಯ ಕಲೆಯನ್ನು ಮಾತ್ರ ಕಾಣುವುದಿಲ್ಲ. ಶಾನುಭೋಗಪಂಥದವರ ಪ್ರಕಾರ ಇದು ಲೆಕ್ಕ ಬರೆಯುವ ಶಾಯಿಯ ಕುಡಿಕೆ. ಬಾಯಿ ಇಷ್ಟಗಲ ತೆರೆದ ಕುಡಿಕೆಯಿಂದ ಶಾಯಿ ಕಡತದ ಮೇಲೆ ಚೆಲ್ಲದಿದ್ದುದು ಹೇಗೆಂದು ಅವರು ಹೇಳುವುದಿಲ್ಲ. ಮೂರನೆಯ ಪಂಥಕ್ಕೆ ಇದು ಪಾಳೇಗಾರರ ಅತ್ತರುದಾನಿ. ಮನೆಯ ಹಿರಿಯ ಹೆಂಗಸನ್ನು ಕೇಳಿದರೆ 'ಕೂಸಿಗೆ ಹಾಲು ಹಾಕೋದಪ್ಪ' ಎಂಬ ಉತ್ತರ ಬರುತ್ತದೆ. ಅವರನ್ನು ಕೊನೆಗೆ ಕೇಳುವುದೇ ಸಂಶೋಧನೆಯ ಕ್ರಮ. ಮೊದಲೇ ಕೇಳಿದರೆ ಪಂಥಗಳು ಉಳಿಯುವುದಿಲ್ಲ.

ಕಾಲನಿರ್ಣಯಕ್ಕೆ ಬಂದರೆ, ಚಿತ್ರದುರ್ಗದ ಸೀಮೆಯಲ್ಲಿ ಚರಿತ್ರೆಗೆ ಇರುವುದು ಒಂದೇ ಯುಗ. 1779ರಲ್ಲಿ ಹೈದರಾಲಿ ಕೋಟೆ ಹಿಡಿದಾಗ ಮದಕರಿನಾಯಕನ ಅರಮನೆಯಿಂದ ಹೊರಬಿತ್ತೆಂದು ಮನೆಮನೆಯಲ್ಲೂ ಹೇಳುವ ಬೆಳ್ಳಿಯನ್ನು ಒಟ್ಟು ಕೂಡಿಸಿದರೆ, ಏಳು ಸುತ್ತಿನ ಕೋಟೆಗೆ ಎಂಟನೆಯ ಸುತ್ತನ್ನು ಬೆಳ್ಳಿಯಲ್ಲೇ ಕಟ್ಟಬಹುದಿತ್ತು. ಈ ವಾದಕ್ಕೆ ಅಡ್ಡ ನಿಂತಿರುವುದು 1876ರಿಂದ 1878ರ ಧಾತು ಈಶ್ವರ ಬರ. ಆ ವರ್ಷಗಳಲ್ಲಿ ದಕ್ಷಿಣದ ರೈತರ ಬೆಳ್ಳಿ ಒಡವೆಗಳು ರಾಶಿ ರಾಶಿಯಾಗಿ ಮಾರಾಟವಾಗಿ ಮುಂಬಯಿಯ ಟಂಕಸಾಲೆಯಲ್ಲಿ ಕರಗಿದವು. ಮಳೆ ತೀರಾ ಕಡಿಮೆಯಿರುವ ಈ ತಾಲ್ಲೂಕುಗಳಲ್ಲಿ, ಹಗೇವು ಬರಿದಾದ ಮೇಲೂ ಒಂದು ಒಳಲೆಯನ್ನು ಮಾರದೆ ಉಳಿಸಿಕೊಂಡರೆಂದರೆ ಆ ಮನೆಯವರು ಒಂದೋ ಬಹಳ ಸ್ಥಿತಿವಂತರು, ಇಲ್ಲವೇ ಒಳಲೆ ಆಮೇಲಿನದು. ಮನೆಯವರು ಸಾಮಾನ್ಯವಾಗಿ ಮೊದಲನೆಯದನ್ನು ಒಪ್ಪುತ್ತಾರೆ.

ಎರಡನೆಯದಕ್ಕೆ ಲೋಹವೇ ಸಾಕ್ಷಿ ಹೇಳುತ್ತದೆ. ಹಳ್ಳಿಯ ಬೆಳ್ಳಿ ಬಹುಪಾಲು ಬಂದದ್ದು ರಾಣಿ ಮತ್ತು ರಾಜರ ತಲೆಯ ರೂಪಾಯಿಗಳನ್ನು ಕರಗಿಸಿ. ಆ ರೂಪಾಯಿಯ ತೂಕ ಒಂದು ತೊಲ, ಅಂದರೆ 11.66 ಗ್ರಾಂ, ಅದರಲ್ಲಿ ನೂರಕ್ಕೆ 91.67 ಪಾಲು ಬೆಳ್ಳಿ, ಉಳಿದದ್ದು ಹೆಚ್ಚಾಗಿ ತಾಮ್ರ. 1940ರಲ್ಲಿ ಬೆಳ್ಳಿಯ ಪಾಲನ್ನು ಅರ್ಧಕ್ಕೆ ಇಳಿಸಿದರು. 1947ರಲ್ಲಿ ನಿಕಲ್ ಬಂದು ಬೆಳ್ಳಿಯೇ ಹೋಯಿತು. ಹೀಗಾಗಿ ಒರೆಗಲ್ಲಿನ ಮೇಲೆ ಒಳಲೆ ಅರ್ಧ ಬೆಳ್ಳಿ ತೋರಿದರೆ ಅದು 1940ರ ನಂತರದ ರೂಪಾಯಿಯದು, ಅಥವಾ ಮೂಸೆಯ ಮುಂದೆ ಕೂತವರು ಅರೆಗಳಿಗೆ ತೂಕಡಿಸಿದ್ದರು.

ಒರೆ ಹಚ್ಚಿದರೆ ಸವೆಯುತ್ತದೆ ಎನ್ನುವವರಿಗೆ ಆರ್ಕಿಮಿಡೀಸನ ದಾರಿಯಿದೆ. ಎಂಟು ರೂಪಾಯಿ ತೂಕದ, ಸುಮಾರು 93 ಗ್ರಾಂ ಒಳಲೆಯನ್ನು ತುಂಬಿದ ಪಾತ್ರೆಯಲ್ಲಿ ಮುಳುಗಿಸಿದರೆ, ರೂಪಾಯಿ ಬೆಳ್ಳಿಯಾದಲ್ಲಿ 9 ಮಿಲಿಲೀಟರಿನಷ್ಟು ಹೊರಚೆಲ್ಲಬೇಕು; ಬೆಳ್ಳಿಯ ಹೆಸರೊಂದೇ ಇರುವ ಜರ್ಮನ್ ಸಿಲ್ವರ್ ಆದರೆ 11ರ ಹತ್ತಿರ. ಪಾತ್ರೆಯಲ್ಲಿ ನೀರೇ ಇರಬೇಕೆಂಬ ನಿಯಮವಿಲ್ಲ. ಎಣ್ಣೆ ಗಿರಣಿಗಳ ಊರಾದ ಚಳ್ಳಕೆರೆಯಲ್ಲಿ, ನಲ್ಲಿ ಬಾರದ ದಿನ, ಕಡಲೆಕಾಯಿ ಎಣ್ಣೆಯಲ್ಲೂ ಇದೇ ಫಲಿತಾಂಶ ಬರುತ್ತದೆ. ಚೆಲ್ಲಿದ್ದನ್ನು ಒಗ್ಗರಣೆಗೆ ಬಳಸಬಹುದು. ಕುದಾಪುರದ ಕಡೆ ದೊಡ್ಡ ವಿಜ್ಞಾನ ಸಂಸ್ಥೆಗಳ ಬೇಲಿಗಳೆದ್ದಿವೆಯಾದರೂ ಒಳಲೆಯ ಸಮಸ್ಯೆ ಆ ಬೇಲಿ ದಾಟಿ ಒಳಗೆ ಹೋದಂತಿಲ್ಲ.

ಅಪರೂಪಕ್ಕೆ ತಳದಲ್ಲಿ ಗೀಚಿದ ಅಂಕಿ ಸಿಗುತ್ತದೆ. 417 ಎಂದಿದ್ದರೆ ಶಕವರ್ಷವೆಂದು ಓದಿ, 78 ಕೂಡಿಸಿ, ಕ್ರಿ.ಶ. 495 ಎಂದು ಕದಂಬರ ಕಾಲಕ್ಕೆ ಒಯ್ಯುವ ಆಸೆಯನ್ನು ತಡೆಯಬೇಕು. ಅದು ಗಿರವಿ ಅಂಗಡಿಯ ನಂಬರು. ಒಳಲೆಯ ಮೇಲಿರುವ ಏಕೈಕ ಲಿಖಿತ ದಾಖಲೆ ಇದಾದರೂ, ಮನೆಯವರು ಮೊದಲು ಹುಣಸೆಹುಳಿ ಹಾಕಿ ಉಜ್ಜುವುದು ಇದನ್ನೇ.

ಕೊನೆಯ ಪರೀಕ್ಷೆ ಪಾಲಿನ ದಿನ ನಡೆಯುತ್ತದೆ. ಬೆಳಿಗ್ಗೆ ಅದನ್ನು ಜರ್ಮನ್ ಸಿಲ್ವರ್ ಎಂದ ತಮ್ಮ, ಅಣ್ಣ 'ಹಾಗಾದರೆ ನನಗಿರಲಿ' ಎಂದ ಕೂಡಲೇ ಪಾಳೇಗಾರಪಂಥಕ್ಕೆ ಸೇರುತ್ತಾನೆ. ತಕ್ಕಡಿ ತರಿಸಲಾಗುತ್ತದೆ, ಅಂದಿನ ದರ ಕೇಳಲಾಗುತ್ತದೆ, ಆ ವರ್ಷ ಕೂಸು ಹುಟ್ಟಿದ ಮನೆಗೆ ಒಳಲೆ ಹೋಗಲೆಂದು ಹಿರಿಯರು ತೀರ್ಮಾನಿಸುತ್ತಾರೆ. ಪಾಲುಪಟ್ಟಿಯಲ್ಲಿ ಅದು ಸೇರುವುದು ಒನಕೆ ಮತ್ತು ಗೋಡೆ ಗಡಿಯಾರದ ನಡುವೆ, 'ಹಳೇ ಬೆಳ್ಳಿ ಸಾಮಾನು, 1' ಎಂದು.