ಬೋನಾಳ ಕೆರೆಯ ಕಿರ್ಗಿಸ್ ಗೆಳೆಯರಿಗೆ

ಪಟ್ಟೆತಲೆ ಹೆಬ್ಬಾತುಗಳೇ,

ಕೆಂಭಾವಿಯ ನಿಮ್ಮ ಗೆಳೆಯ ಮಾಡುವ ಶರಣು ಶರಣಾರ್ಥಿ. ನಿಮ್ಮ ಕೆರೆಯ ದಂಡೆಯ ಮೇಲೆ ಸಂಕ್ರಾಂತಿಯ ರಜೆ ಕಳೆದು ಕ್ಷೇಮವಾಗಿ ಬೆಂಗಳೂರು ಸೇರಿದ್ದೇನೆ. ಇಲ್ಲಿ ಕಟ್ಟಡ ಕೂಲಿಗಳ ಹಾಜರಿ ಬರೆಯುವುದು ನನ್ನ ಕೆಲಸ. ನಿಮ್ಮ ರಜೆ ಇನ್ನೂ ಮುಗಿದಿಲ್ಲ. ಬಿಸಿಲು ಏರುವವರೆಗೆ ನೀವು ಸುರಪುರ ಸೀಮೆ ಬಿಡುವವರಲ್ಲ. ಹೊಟ್ಟೆಪಾಡಿಗೆಂದು ನಮ್ಮ ಸೀಮೆಗೆ ಬರುವವರು ನೀವು, ಹೊಟ್ಟೆಪಾಡಿಗೆಂದೇ ಅದನ್ನು ಬಿಡುವವರು ನಾವು. ನಮ್ಮಿಬ್ಬರ ನಡುವಿನ ಲೆಕ್ಕ ಒಮ್ಮೆ ಬಹಿರಂಗವಾಗಿಯೇ ಆಗಲಿ ಎಂದು ಬರೆಯುತ್ತಿದ್ದೇನೆ.

ನಿಮ್ಮನ್ನು ಕಿರ್ಗಿಸ್ ಎಂದು ಕರೆದದ್ದಕ್ಕೆ ಪಕ್ಷಿ ಬಲ್ಲವರು ತಕರಾರು ತೆಗೆಯಬಹುದು. ನಿಮ್ಮ ಕುಲದವರು ಮರಿ ಮಾಡುವುದು ಕಿರ್ಗಿಸ್ತಾನದಲ್ಲಿ ಮಾತ್ರವಲ್ಲ, ಮಂಗೋಲಿಯಾ, ಟಿಬೆಟ್‌ಗಳಲ್ಲೂ. ಮಂಗೋಲಿಯಾದಲ್ಲಿ ಕೊರಳಪಟ್ಟಿ ತೊಡಿಸಿದ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಂಡದ್ದೂ ಉಂಟು. ಆದರೆ ನಿಮ್ಮಲ್ಲಿ ಕಿರ್ಗಿಸ್ತಾನದ ಸೋನ್‌ಕುಲ್ ಕೆರೆಯವರು ಯಾರು, ಉಳಿದವರು ಯಾರು ಎಂದು ದಂಡೆಯ ಮೇಲೆ ನಿಂತು ಹೇಳುವುದು ಹೇಗೆ? 3,016 ಮೀಟರ್ ಎತ್ತರದಲ್ಲಿರುವ ಆ ಕೆರೆ ಚಳಿಗಾಲದಲ್ಲಿ ಹೆಪ್ಪುಗಟ್ಟುತ್ತದೆ ಎಂದು ಓದಿದಾಗಿನಿಂದ ನನ್ನ ಪಾಲಿಗೆ ನೀವೆಲ್ಲ ಅಲ್ಲಿಯವರೇ. ಗುರುತಿನ ಚೀಟಿ ಕೇಳಿ ಗೆಳೆತನ ಮಾಡುವ ಪದ್ಧತಿ ನಮ್ಮ ಕಡೆ ಇಲ್ಲ.

ನಿಮಗೆ ಸಿಕ್ಕ ಬಿಡಾರವೂ ಸಾಮಾನ್ಯದ್ದಲ್ಲ. ಸುರಪುರದ ನಾಯಕ ಅರಸರು ಕಟ್ಟಿಸಿದ ಕೆರೆ. 19ನೇ ಶತಮಾನದಲ್ಲಿ ಇಲ್ಲಿ ಆಡಳಿತ ನಡೆಸಿದ ಮೆಡೋಸ್ ಟೇಲರ್ ಸಾಹೇಬರು ಅದನ್ನು ಸುಧಾರಿಸಿದರು. ಈಗ ಅದು ಪಕ್ಷಿಧಾಮ. ರಂಗನತಿಟ್ಟನ್ನು ಬಿಟ್ಟರೆ ರಾಜ್ಯದಲ್ಲಿ ನಮ್ಮದೇ ದೊಡ್ಡದು ಎಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ನಿಮ್ಮ ಮೇಲೆ ಕಲ್ಲು ಬೀಸುವಂತಿಲ್ಲ, ಬಲೆ ಹಾಕುವಂತಿಲ್ಲ. 1972ರ ವನ್ಯಜೀವಿ ರಕ್ಷಣಾ ಕಾಯ್ದೆ ಕಾವಲಿಗಿದೆ. ರಾತ್ರಿ ಹೊಲಕ್ಕಿಳಿದು ಕಡಲೆಯ ಎಳೆಗುಡಿ ಮೇಯ್ದು, ಬೆಳಗ್ಗೆ ಏನೂ ಅರಿಯದವರಂತೆ ನೀರಿನ ಮೇಲೆ ಕೂತಿರುತ್ತೀರಿ. ಹೊಲದವರೊಬ್ಬರಿಗೆ ಹೇಳಿದರೆ, ‘ಎಷ್ಟು ದೂರದಿಂದ ಬಂದಾವ, ಉಣ್ಲಿ ಬಿಡ್ರಿ’ ಎಂದರು. ಬೆಂಗಳೂರಿನಲ್ಲಿ ನನ್ನ ಹಾಜರಿ ಪುಸ್ತಕದವರಿಗೆ ಯಾರೂ ಈ ಮಾತು ಹೇಳಿದ್ದನ್ನು ನಾನು ಕೇಳಿಲ್ಲ.

ನೀರಿನ ಸೀಮೆಯವರಿಗೆ ಗುಳೆ ಯಾಕೆ ಎಂದು ನೀವು ಕೇಳಬಹುದು. ಮೇಲಿನಿಂದ ನೋಡಿದರೆ ನಮ್ಮದು ನಿಜಕ್ಕೂ ನೀರಿನ ಸೀಮೆಯೇ. ನಾರಾಯಣಪುರದ ಬಸವಸಾಗರ ಜಲಾಶಯ 1982ರಲ್ಲಿ ಮುಗಿಯಿತು; ಅದರ ಎಡದಂಡೆ ಕಾಲುವೆ ನಮ್ಮ ಹೊಲಗಳಿಗಾಗಿಯೇ ಹರಿಯುತ್ತದೆ. ಆದರೆ ಕಾಲುವೆಯ ಮೇಲ್ಭಾಗದವರಿಗೆ ನೀರು ಸಿಗುತ್ತದೆ, ಕೊನೆಭಾಗದವರಿಗೆ ಸಭೆ ಸಿಗುತ್ತದೆ. ಹಿಂಗಾರಿಗೆ ನೀರು ಎಷ್ಟು ದಿನ ಚಾಲೂ, ಎಷ್ಟು ದಿನ ಬಂದ್ ಎಂಬ ತೀರ್ಮಾನ ಹೊರಬೀಳುವಷ್ಟರಲ್ಲಿ ಮೇಸ್ತ್ರಿ ಮುಂಗಡ ಕೊಟ್ಟು ಹೋಗಿರುತ್ತಾನೆ. ತುಂಡು ಹೊಲದವರು, ಹೊಲವೇ ಇಲ್ಲದವರು ಅಷ್ಟೂ ಕಾಯುವುದಿಲ್ಲ. 2002ರಲ್ಲಿ ನಂಜುಂಡಪ್ಪ ಸಮಿತಿ ಸುರಪುರವನ್ನು ‘ಅತ್ಯಂತ ಹಿಂದುಳಿದ’ ತಾಲ್ಲೂಕುಗಳ ಪಟ್ಟಿಗೆ ಸೇರಿಸಿತು. 2009ರ ಕೊನೆಗೆ ಯಾದಗಿರಿ ಪ್ರತ್ಯೇಕ ಜಿಲ್ಲೆಯಾಯಿತು. ಆಮೇಲೆ ಹಿಂದುಳಿದ ನಮ್ಮ ಭಾಗಕ್ಕೆಂದೇ ಸಂವಿಧಾನದ 371ಜೆ ವಿಧಿಯೂ ಬಂತು. ಇಷ್ಟೆಲ್ಲ ನಮ್ಮ ಕಡೆಗೆ ಬರುತ್ತಿರುವಾಗ ನಾವೇ ಮನೆಯಲ್ಲಿರುವುದಿಲ್ಲ. ತಪ್ಪು ನಮ್ಮದೇ ಇರಬೇಕು.

ನಿಮ್ಮ ಪ್ರಯಾಣವನ್ನು ವಿಜ್ಞಾನಿಗಳು ಹಿಂಬಾಲಿಸಿದ್ದಾರೆ. ಬೆನ್ನಿಗೆ ಉಪಕರಣ ಕಟ್ಟಿಸಿಕೊಂಡ ನಿಮ್ಮವರೊಬ್ಬರು ಹಿಮಾಲಯದ ದಾರಿಯಲ್ಲಿ 7,290 ಮೀಟರ್ ಎತ್ತರಕ್ಕೇರಿದ್ದು ದಾಖಲಾಗಿದೆ. ತೆಳು ಗಾಳಿಯಲ್ಲೂ ಆಮ್ಲಜನಕವನ್ನು ಬಿಗಿಯಾಗಿ ಹಿಡಿಯುವ ರಕ್ತ ನಿಮ್ಮದು ಎನ್ನುತ್ತಾರೆ. ಬಸ್ಸಿನ ಕೊನೆ ಸೀಟಿನಲ್ಲಿ ಇಬ್ಬರು ಮಕ್ಕಳನ್ನೂ ಜೋಳದ ರೊಟ್ಟಿಯ ಗಂಟನ್ನೂ ಮಡಿಲಲ್ಲಿಟ್ಟುಕೊಂಡು ಸುಮಾರು 500 ಕಿಲೋಮೀಟರ್ ಬರುವ ನಮ್ಮ ಹೆಣ್ಣುಮಕ್ಕಳ ರಕ್ತವನ್ನು ಇನ್ನೂ ಯಾರೂ ಪರೀಕ್ಷಿಸಿಲ್ಲ.

ಕಾನೂನಿನ ಮಾತಿಗೆ ಬಂದರೆ 1979 ನಮ್ಮಿಬ್ಬರಿಗೂ ಮುಖ್ಯವಾದ ವರ್ಷ. ಆ ವರ್ಷ ಜರ್ಮನಿಯ ಬಾನ್ ನಗರದಲ್ಲಿ ವಲಸೆ ಪ್ರಾಣಿಗಳ ರಕ್ಷಣೆಗೆಂದು ಒಪ್ಪಂದವಾಯಿತು. 1983ರಲ್ಲಿ ಭಾರತವೂ ಸೇರಿತು. ನಿಮ್ಮ ಕುಲದ ಹೆಸರು ಆ ಒಪ್ಪಂದದ ಪಟ್ಟಿಯಲ್ಲಿದೆ. ಅದೇ 1979ರಲ್ಲಿ ನಮ್ಮ ದೇಶದಲ್ಲಿ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ ಬಂತು. ಕೆಂಭಾವಿಯವ ಹತ್ತಿರದ ಹೈದರಾಬಾದಿಗೆ ಗುತ್ತಿಗೆದಾರನ ಜೊತೆ ಹೋದರೆ ಆ ಕಾಯ್ದೆಗೆ ಅವನು ವಲಸೆಗಾರ. ಅದಕ್ಕಿಂತ ದೂರದ ಬೆಂಗಳೂರಿಗೆ ಬಂದರೆ, ರಾಜ್ಯದ ಗಡಿ ದಾಟದ ಕಾರಣ, ಅಲ್ಲ. ಆ ಕಾಯ್ದೆಯನ್ನು ನುಂಗಿಕೊಂಡ ಹೊಸ ಕಾರ್ಮಿಕ ಸಂಹಿತೆಯಲ್ಲೂ ‘ಅಂತರರಾಜ್ಯ’ದ ಬೇಲಿ ಹಾಗೆಯೇ ಇದೆ. ಮನೆಯಲ್ಲೂ ಇಲ್ಲ, ವಲಸೆಯೂ ಹೋಗಿಲ್ಲ ಎಂಬ ಇಂಥ ಸ್ಥಿತಿ ಪಕ್ಷಿಶಾಸ್ತ್ರದಲ್ಲಿ ಇದ್ದಂತಿಲ್ಲ.

2020 ಇನ್ನೂ ಸ್ವಾರಸ್ಯದ ವರ್ಷ. ಆ ಜನವರಿಯಲ್ಲಿ ಬೆಂಗಳೂರಿನ ಬೆಳ್ಳಂದೂರು ಸಮೀಪದ ಕರಿಯಮ್ಮನ ಅಗ್ರಹಾರದಲ್ಲಿ, ಇಲ್ಲಿರುವವರು ಬಾಂಗ್ಲಾದೇಶದವರು ಎಂಬ ಗುಮಾನಿಯ ಮೇಲೆ ಕೂಲಿಗಳ ಶೆಡ್‌ಗಳನ್ನು ಕೆಡವಲಾಯಿತು. ಅವುಗಳಲ್ಲಿ ಉತ್ತರ ಕರ್ನಾಟಕದವರ ಶೆಡ್‌ಗಳೂ ಇದ್ದವು. ಅವರು ತಮ್ಮದೇ ರಾಜಧಾನಿಯಲ್ಲಿ ತಾವು ಇದೇ ರಾಜ್ಯದವರು ಎಂದು ಕನ್ನಡದಲ್ಲೇ ಹೇಳಿಕೊಳ್ಳಬೇಕಾಯಿತು. ಮಾತು ಹೈಕೋರ್ಟಿನವರೆಗೆ ಹೋಗಿ, ಮನೆ ಕಳೆದುಕೊಂಡವರಿಗೆ ಪುನರ್ವಸತಿ ಕೊಡಿ ಎಂದು ಕೋರ್ಟು ಹೇಳಬೇಕಾಯಿತು. ಮರುತಿಂಗಳು, ಅಂದರೆ ಫೆಬ್ರುವರಿ 17ರಿಂದ 22ರವರೆಗೆ, ಗುಜರಾತಿನ ಗಾಂಧಿನಗರದಲ್ಲಿ ನಿಮ್ಮ ಬಾನ್ ಒಪ್ಪಂದದ 13ನೇ ಮಹಾಸಭೆ. ಆತಿಥ್ಯ ಭಾರತದ್ದು. ವಲಸೆ ಜೀವಿಗಳು ಭೂಮಿಯನ್ನೇ ಒಂದುಗೂಡಿಸುತ್ತವೆ, ಬನ್ನಿ, ಅವನ್ನು ಮನೆಗೆ ಸ್ವಾಗತಿಸೋಣ ಎಂಬುದು ಸಭೆಯ ಘೋಷವಾಕ್ಯದ ಸಾರ. ಅದರ ಮರುತಿಂಗಳು ಲಾಕ್‌ಡೌನ್ ಬಂತು. ಬಸ್ಸು, ರೈಲು ನಿಂತವು. ಆಗ ನೀವು ಪಾಸ್ ಇಲ್ಲದೆ ಊರು ಮುಟ್ಟಿದಿರಿ. ನಮ್ಮ ಮಂದಿ ಗಂಟು ಹೊತ್ತು ಹೆದ್ದಾರಿ ಹಿಡಿದರು.

ನಿಮ್ಮ ಮೇಲೆ ನನಗೆ ಹೊಟ್ಟೆಕಿಚ್ಚಿದೆ ಎಂದುಕೊಳ್ಳಬೇಡಿ. ನಿಮ್ಮ ತವರಿನ ಮನುಷ್ಯರ ಪಾಡು ನನಗೆ ಗೊತ್ತು. ಅವರೂ ಗುಳೆ ಹೋಗುವವರೇ, ರಷ್ಯಾಕ್ಕೆ. ಮಾಸ್ಕೋದ ಕಟ್ಟಡ ಕಟ್ಟಿ, ಬೀದಿ ಗುಡಿಸಿ ಅವರು ಕಳಿಸುವ ಹಣ ಇತ್ತೀಚಿನ ವರ್ಷಗಳಲ್ಲಿ ಕಿರ್ಗಿಸ್ತಾನದ ಒಟ್ಟು ಉತ್ಪನ್ನದ ಕಾಲುಭಾಗದ ಆಸುಪಾಸಿನಲ್ಲಿದೆ. 2015ರಲ್ಲಿ ಆ ದೇಶ ಯುರೇಷಿಯಾ ಆರ್ಥಿಕ ಒಕ್ಕೂಟ ಸೇರಿದ ಮೇಲೆ ಅವರಿಗೆ ಅಲ್ಲಿ ಪ್ರತ್ಯೇಕ ಕೆಲಸದ ಪರವಾನಗಿ ಬೇಕಿಲ್ಲ. ಕಷ್ಟ ತಪ್ಪಿಲ್ಲ, ಆದರೆ ಎಷ್ಟು ಜನ ಹೋದರು, ಎಷ್ಟು ಹಣ ಕಳಿಸಿದರು ಎಂದು ಅವರ ದೇಶ ಲೆಕ್ಕ ಇಟ್ಟಿದೆ. ಕೆಂಭಾವಿಗೆ ಬೆಂಗಳೂರಿನಿಂದ ಬಂದ ಹಣದಲ್ಲಿ ಎಷ್ಟು ಮದುವೆಗಳಾದವು, ಎಷ್ಟು ಸಾಲ ತೀರಿತು ಎಂಬ ಲೆಕ್ಕ ಯಾವ ಕಚೇರಿಯಲ್ಲಿದೆ, ಹೇಳಿ.

ಊರು ಬಿಡುವವರನ್ನು ಗಮನಿಸುವ ಗುಣ ನಮ್ಮೂರಿಗೆ ಹಿಂದೆ ಇತ್ತು. ಹರಿಹರ ಕವಿ ಯಾರ ಮೇಲೆ ರಗಳೆ ಬರೆದನೋ ಆ ನಮ್ಮ ಕೆಂಭಾವಿ ಭೋಗಣ್ಣನ ಕಥೆಯನ್ನೇ ನೋಡಿ. ಕುಲ ಕೇಳದೆ ಶಿವಭಕ್ತನೊಬ್ಬನನ್ನು ಮನೆಯೊಳಗೆ ಕರೆದು ಉಣಿಸಿದ ತಪ್ಪಿಗೆ ದೊಡ್ಡವರು ಅವನನ್ನು ಊರು ಬಿಡಿಸಿದರಂತೆ. ಅವನು ಹೊರಟಾಗ ಊರಿನ ಲಿಂಗಗಳೆಲ್ಲ ಗುಡಿ ಬಿಟ್ಟು ಅವನ ಹಿಂದೆ ಉರುಳುತ್ತಾ ಹೊರಟವಂತೆ. ಬೆಚ್ಚಿದ ಊರು ಓಡಿಹೋಗಿ, ಕೈಮುಗಿದು, ಅವನನ್ನು ಕರೆತಂದಿತಂತೆ. ಒಬ್ಬ ಹೋದದ್ದಕ್ಕೆ ಅಷ್ಟು ಗದ್ದಲ. ಈಗ ಬಸ್ಸುಗಟ್ಟಲೆ ಹೋಗುತ್ತೇವೆ. ಒಂದು ಲಿಂಗವೂ ಕದಲುವುದಿಲ್ಲ. ನಮ್ಮ ಹಿಂದೆ ಬರುವುದು ಮೇಸ್ತ್ರಿಯ ಫೋನು ಮಾತ್ರ.

ಆದ್ದರಿಂದ ನಿಮ್ಮಲ್ಲಿ ಒಂದೇ ವಿನಂತಿ. ಪ್ರತಿ ಜನವರಿ ಏಷ್ಯಾದ ಉದ್ದಗಲಕ್ಕೂ ನೀರುಹಕ್ಕಿಗಳ ಗಣತಿ ನಡೆಯುತ್ತದೆ. ದುರ್ಬೀನು, ಪಟ್ಟಿ, ಪೆನ್ನು ಹಿಡಿದ ಮಂದಿ ನಿಮ್ಮನ್ನು ಎಣಿಸಲು ಬಂದಾಗ, ನಿಮ್ಮ ಮಾತಿಗೆ ತೂಕ ಇರುವುದರಿಂದ, ಅವರಿಗೆ ಹೇಳಿ: ಕೆಲಸ ಮುಗಿದ ಮೇಲೆ ಸಂಜೆ ಕೆಂಭಾವಿ ಬಸ್ ನಿಲ್ದಾಣಕ್ಕೂ ಒಂದು ಸುತ್ತು ಬರಲಿ. ದುರ್ಬೀನು ಬೇಕಾಗುವುದಿಲ್ಲ. ನಾವೂ ಗುಂಪಾಗಿಯೇ ಇರುತ್ತೇವೆ, ಸದ್ದು ಕೇಳಿ ಹಾರಿಹೋಗುವುದಿಲ್ಲ, ತಲೆಯ ಮೇಲೆ ಪಟ್ಟೆಯ ಬದಲು ಗಂಟು ಇರುತ್ತದೆ. ಬಸ್ಸು ಹೊರಡುವುದರೊಳಗೆ ಬಂದರೆ ಸಾಕು.

ಇಂತಿ ನಿಮ್ಮ,
ಕೆಂಭಾವಿಯ ಒಬ್ಬ ವಲಸೆ ಜೀವಿ