ಸಿಸ್ಟಂಸ್ವಾಮಿ

ಡಂಜನ್ಸ್ ಅಂಡ್ ಡ್ರಾಗನ್ಸ್ ಆಡಲು ನಾಲ್ಕು ಜನ ಸೇರಿದ ಕಡೆ, ಅದನ್ನು ಯಾಕೆ ಆಡಬಾರದು ಎಂದು ವಿವರಿಸುವ ಐದನೆಯವನೊಬ್ಬ ಇದ್ದೇ ಇರುತ್ತಾನೆ. ಬೆಂಗಳೂರಿನಲ್ಲಿ ನಮ್ಮ ಪಾಲಿಗೆ ಬಂದವನಿಗೆ ಸಿಸ್ಟಂಸ್ವಾಮಿ ಎಂದು ನಾವೇ ಹೆಸರಿಟ್ಟೆವು. ಹೆತ್ತವರಿಟ್ಟ ಹೆಸರು ಬೇರೆ ಇದೆ. ಅದನ್ನು ಇಲ್ಲಿ ಬರೆದರೆ, ಈ ಲೇಖನ ಬೇಡ, ಇದಕ್ಕಿಂತ ನಿನಗೆ ಒಪ್ಪುವ ಲೇಖನ ಇನ್ನೊಂದಿದೆ ಎಂದು ಫೋನು ಮಾಡುತ್ತಾನೆ.

ಈ ಆಟ ಗೊತ್ತಿಲ್ಲದವರಿಗೆ ಒಂದು ಮಾತು. ಇದಕ್ಕೆ ಬೋರ್ಡು, ಕಾಯಿ ಯಾವುದೂ ಕಡ್ಡಾಯವಲ್ಲ. ಮೇಜಿನ ಸುತ್ತ ಕೂತವರು ಒಂದೊಂದು ಪಾತ್ರ ವಹಿಸಿಕೊಂಡು ಬಾಯಿಮಾತಲ್ಲೇ ಕಥೆ ನಡೆಸಬೇಕು. ವೇಷವಿಲ್ಲ, ಬರೆದಿಟ್ಟ ಸಂಭಾಷಣೆಯೂ ಇಲ್ಲ. ತಾಳಮದ್ದಳೆಯ ಅರ್ಥಧಾರಿಗಳ ಕೈಗೆ ದಾಳ ಕೊಟ್ಟ ಹಾಗೆ ಎಂದರೆ ಕರಾವಳಿಯವರಿಗೆ ಥಟ್ಟನೆ ಹೊಳೆದೀತು. ಗೇಮ್ ಮಾಸ್ಟರ್ ಎಂಬವನು ಲೋಕವೊಂದನ್ನು ಕಟ್ಟುತ್ತಾನೆ, ಉಳಿದವರು ಅದನ್ನು ಹಾಳುಮಾಡುತ್ತಾರೆ. ಗೋಡೆ ಹತ್ತಿದೆಯೋ, ಬಿದ್ದು ಕಾಲು ಮುರಿದುಕೊಂಡೆಯೋ ಎಂಬುದನ್ನು ದಾಳ ತೀರ್ಮಾನಿಸುತ್ತದೆ. ಯಾವ ದಾಳ, ಎಷ್ಟು ಬಿದ್ದರೆ ಗೆಲುವು, ಸೋತರೇನು ಗತಿ ಎನ್ನುವ ನಿಯಮಗಳ ಕಟ್ಟೇ ಸಿಸ್ಟಂ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಎಂಬ ಅಮೆರಿಕನ್ನರು ಡಂಜನ್ಸ್ ಅಂಡ್ ಡ್ರಾಗನ್ಸ್ ಹೊರತಂದಾಗ ಅಂಗಡಿಯಲ್ಲಿ ಸಿಗುತ್ತಿದ್ದದ್ದು ಅದೊಂದೇ. ಆ ಕಾಲದಲ್ಲಿ ಹುಟ್ಟಿದ್ದರೆ ನಮ್ಮ ಸ್ವಾಮಿ ನೆಮ್ಮದಿಯಾಗಿರುತ್ತಿದ್ದ. ಈಗ ನೂರಾರು ಇವೆ, ಅವನಿಗೆ ನಿದ್ದೆಯಿಲ್ಲ.

ಅವನ ಸಿದ್ಧಾಂತ ಸರಳ: ಮೊದಲು ಆಡುವವನನ್ನು ಅರಿ, ಆಮೇಲೆ ಆಟ ಆರಿಸು. "ಗುರು, ನಿಂದು ಯಾವ ಪ್ಲೇ ಸ್ಟೈಲು?" ಎನ್ನುವುದು ಅವನ ನಮಸ್ಕಾರ. ರಾಬಿನ್ ಲಾಸ್ ಎಂಬ ಆಟಗಾರ-ಲೇಖಕ 2002ರಲ್ಲಿ ಬರೆದ ಚಿಕ್ಕ ಪುಸ್ತಕವೊಂದರಲ್ಲಿ ಆಟಗಾರರನ್ನು ವಿಂಗಡಿಸಿದ್ದಾನೆ: ಬರೀ ಹೊಡೆದಾಟ ಬೇಕೆನ್ನುವವರು, ಲೆಕ್ಕಾಚಾರದ ತಂತ್ರಗಾರರು, ಪಾತ್ರದಲ್ಲಿ ಪರವಶರಾಗುವವರು, ಹೀಗೆ. ಅದನ್ನು ಓದಿಕೊಂಡು ಬಂದ ಸ್ವಾಮಿ ನಮಗೆಲ್ಲ ಪ್ರಶ್ನಾವಳಿ ಹಂಚಿ ಮೌಲ್ಯಮಾಪನ ಮಾಡಿದ. ನಾನು 'ಕ್ಯಾಶುಯಲ್' ಎಂದು ತೇರ್ಗಡೆಯಾದೆ. ಎಂದರೆ, ಗೆಳೆಯರು ಸೇರುತ್ತಾರೆಂದು ಬರುವವನು, ಆಟ ಯಾವುದಾದರೂ ಆದೀತು ಎನ್ನುವವನು. ಕೈಲಿದ್ದ ಕೋಡುಬಳೆ ಕೆಳಗಿಟ್ಟು ಪ್ರತಿಭಟಿಸಿದೆ.

ರೋಗನಿದಾನ ಆದಮೇಲೆ ಔಷಧ ಶುರು. ತಂತ್ರಗಾರನಿಗಾಗಿ ಪಾತ್‌ಫೈಂಡರ್ ಬಂತು. ಅದರ ಮೂಲಗ್ರಂಥದ ದಪ್ಪಕ್ಕೆ ಹೆದರಿ ಆ ತಂತ್ರಗಾರನೇ ಮುಂದಿನ ವಾರ ಊರಿಗೆ ಹೋದ. ಹೆದರಿಕೆ ಇಷ್ಟ ಎಂದವಳಿಗಾಗಿ ಕಾಲ್ ಆಫ್ ಕ್ಥುಲ್ಹು. ಅದರಲ್ಲಿ ನಿಗೂಢ ಜ್ಞಾನ ಹೆಚ್ಚಿದಷ್ಟೂ ಬುದ್ಧಿ ಸ್ವಾಧೀನ ತಪ್ಪುತ್ತದೆ. ಡ್ರೆಡ್‌ನಲ್ಲಂತೂ ದಾಳವೇ ಇಲ್ಲ. ಜೆಂಗಾ ಗೋಪುರದಿಂದ ಒಂದೊಂದೇ ತುಂಡು ಎಳೆಯಬೇಕು, ಬೀಳಿಸಿದವನ ಪಾತ್ರ ಸತ್ತಂತೆ. ತುಂಡು ಅರ್ಧ ಎಳೆದಿದ್ದಾಗ ಅಡುಗೆಮನೆಯಲ್ಲಿ ಮಿಕ್ಸಿ ಗರ್ರೆಂದಿತು, ಬೆಚ್ಚಿಬಿದ್ದ ವೀರನೊಬ್ಬ ಕಾಯಿಚಟ್ನಿಗೆ ಬಲಿಯಾದ. ಅಪಾಕಲಿಪ್ಸ್ ವರ್ಲ್ಡ್‌ನಲ್ಲಿ ಎರಡು ದಾಳ ಹಾಕಿ ಹತ್ತು ಮುಟ್ಟಿದರೆ ಗೆಲುವು, ಆರಕ್ಕಿಳಿದರೆ ಕೇಡು, ನಡುವಿನ ಏಳರಿಂದ ಒಂಬತ್ತಕ್ಕೆ ಕೆಲಸವೂ ಆಗುತ್ತದೆ, ತೊಂದರೆಯೂ ತಗಲಿಕೊಳ್ಳುತ್ತದೆ. "ಜೀವನ ನಡೆಯೋದೇ ಏಳರಿಂದ ಒಂಬತ್ತರಲ್ಲಿ ಗುರು" ಎಂದ ಸ್ವಾಮಿ. ಆಗ ನಕ್ಕುಬಿಟ್ಟೆವು.

ಇವೆಲ್ಲವನ್ನೂ ಕ್ಷಮಿಸಿಯೇನು, ಟ್ರಾವೆಲರ್ ಒಂದನ್ನು ಬಿಟ್ಟು. ಅದು 1977ರ ಬಾಹ್ಯಾಕಾಶದ ಆಟ, ಮಾರ್ಕ್ ಮಿಲ್ಲರ್ ರಚಿಸಿದ್ದು. ಸ್ವಾಮಿಗೆ ಅದರ ಹಳೆಯ ಆವೃತ್ತಿಯೇ ಆಗಬೇಕು. ಅಲ್ಲಿ ಪಾತ್ರ ಸೃಷ್ಟಿಸುವುದೆಂದರೆ ಪೂರ್ವಾಶ್ರಮವನ್ನು ಬದುಕಿ ತೋರಿಸುವುದು. ಹದಿನೆಂಟಕ್ಕೆ ಯಾವುದಾದರೂ ಸೇವೆಗೆ ಸೇರಬೇಕು. ನಾಲ್ಕು ವರ್ಷಕ್ಕೊಂದು ಅವಧಿ. ಪ್ರತಿ ಅವಧಿಗೂ ಬದುಕುಳಿದೆಯೋ ಇಲ್ಲವೋ ಎಂದು ದಾಳ ಹಾಕಬೇಕು. ನಾನು ಸ್ಕೌಟ್ಸ್ ಸೇರಿದೆ. ಬಾಹ್ಯಾಕಾಶ ನೌಕೆ ಹಾರಿಸಲು ಕಲಿತೆ, ಇಪ್ಪತ್ತಾರು ತುಂಬಿತು, ಹೊರಡೋಣವೆಂದರೆ ಸ್ವಾಮಿ ಬಿಡಲಿಲ್ಲ. "ಇನ್ನೊಂದು ಟರ್ಮ್ ಇರು ಗುರು, ಒಳ್ಳೇ ಸ್ಕಿಲ್ ಸಿಗುತ್ತೆ." ದಾಳ ಹಾಕಿದೆ. ಎರಡು, ಮೂರು. ಏಳಾದರೂ ಬೇಕಿತ್ತು.

"ಸತ್ತೆ" ಎಂದ ಸ್ವಾಮಿ, ಹಾಳೆಯನ್ನು ನನ್ನ ಕೈಯಿಂದ ತೆಗೆದುಕೊಳ್ಳುತ್ತ.

"ಲೋ, ಆಟ ಇನ್ನೂ ಶುರುವೇ ಆಗಿಲ್ವಲ್ಲೋ!"

"ಅದೇ ಇದರ ಬ್ಯೂಟಿ ಗುರು."

ಹೊಸ ಹಾಳೆ ಕೊಟ್ಟ. ಅದರಲ್ಲಿ ಹುಟ್ಟಿದವನೂ ಸತ್ತ. ಕಾಫಿಯ ಹೊತ್ತಿಗೆ ನನ್ನ ಕಡೆ ಸೂತಕ ಕಳೆಯುವ ಮೊದಲೇ ಇನ್ನೊಂದು ಸೂತಕ. ಅತ್ತ ನಮ್ಮ ಬ್ಯಾಂಕ್ ಗೆಳೆಯನ ದಾಳ ಒಮ್ಮೆಯೂ ಕೈಕೊಡಲಿಲ್ಲ. ನೌಕಾಪಡೆಯಲ್ಲಿ ಐದು ಅವಧಿ ಮುಗಿಸಿ, ಮೂವತ್ತೆಂಟಕ್ಕೆ ನಿವೃತ್ತನಾಗಿ, ನಿಯಮದ ಪ್ರಕಾರವೇ ಪಿಂಚಣಿ ಪಡೆದ. ಕೊನೆಗೆ, ರಾತ್ರಿ ಎಂಟಕ್ಕೆ, ಸ್ವಾಮಿ ದನಿ ಏರಿಸಿ, ಅಪರಿಚಿತ ಗ್ರಹದಿಂದ ಸಹಾಯಕ್ಕೆ ಕರೆ ಬಂದಿದೆ, ಯಾರು ಹೊರಡುತ್ತೀರಿ ಎಂದು ಕೇಳಿದಾಗ ನಮ್ಮ ನೌಕಾಧಿಕಾರಿ, "ತಿಂಗಳಾ ತಿಂಗಳಾ ದುಡ್ಡು ಬರ್ತಿದೆ, ನಾನ್ಯಾಕೆ ಹೋಗ್ಲಿ?" ಎಂದ. ಹೋಗಲು ಬಯಸಿದ ನಾನು ಬದುಕಿರಲಿಲ್ಲ. ಅಂದಿನ ಆಟ ಅಲ್ಲಿಗೆ ನಿಂತಿತು. ಮುಂದಿನ ವಾರ ಸ್ವಾಮಿ ಬೇರೆ ಸಿಸ್ಟಂ ತಂದ.

ಆದರೂ ಒಂದು ಮಾತು ಹೇಳಲೇಬೇಕು. ನಮ್ಮಲ್ಲೊಬ್ಬಳು ಇದ್ದಳು, ಎಷ್ಟು ವಾರ ಬಂದರೂ ಬಾಯಿ ಬಿಟ್ಟವಳಲ್ಲ. ಅವಳಿಗೆಂದೇ ಸ್ವಾಮಿ ಹನಿ ಹೈಸ್ಟ್ ಹುಡುಕಿ ತಂದ. ಇಡೀ ನಿಯಮಾವಳಿ ಒಂದೇ ಹಾಳೆ: ನೀವೆಲ್ಲ ಕರಡಿಗಳು, ಜೇನು ಕದಿಯಬೇಕು, ಇರುವ ಗುಣಗಳು ಎರಡೇ, ಕರಡಿತನ ಮತ್ತು ಕಳ್ಳತನ. ಅವತ್ತು ಅವಳು ಕಾವಲುಗಾರನ ಮುಂದೆ ಕರಡಿಯಾಗಿಯೇ ನಿಂತು, ತಾನು ಕರಡಿಯಲ್ಲವೆಂದು ವಾದಿಸಿದ ರೀತಿಗೆ ನಾವು ಹೊಟ್ಟೆ ಹಿಡಿದುಕೊಂಡೆವು. ಆಮೇಲೆ ಅವಳ ಬಾಯಿ ಮುಚ್ಚಿಸುವುದೇ ಕಷ್ಟವಾಯಿತು. ನಮ್ಮ ಪೈಕಿ ಯಾರಿಗೆ ಏನು ಹಿಡಿಸುತ್ತದೆ ಎಂದು ಸ್ವಾಮಿಯಷ್ಟು ಗಮನಿಸಿದವರು ಬೇರೆ ಯಾರೂ ಇಲ್ಲ. ನಿನಗೇನು ಇಷ್ಟ ಎಂದು ಅವನನ್ನು ಕೇಳಿದವರೂ ಇರಲಿಲ್ಲ. ಬಸ್ಸಿಗೆ ಕಾಯುವಾಗ ಒಮ್ಮೆ ನಾನೇ ಕೇಳಿದೆ.

"ನನಗಾ?" ಎಂದು ಸ್ವಲ್ಪ ಯೋಚಿಸಿದ. "ಯಾವ್ದಾದ್ರೂ ಓಕೆ ಗುರು. ಒಂದಾದ್ರೂ ಪೂರ್ತಿ ಆಗ್ಬೇಕು ಅಷ್ಟೆ."

ಪ್ರತಿ ಆಟವನ್ನೂ ನಡುವೆ ಕಡಿದವನ ಬಾಯಲ್ಲಿ ಈ ಮಾತು! ಬೈಯಲು ಬಾಯಿ ತೆರೆದವನು ಸುಮ್ಮನಾದೆ. ಉಳಿದವರಿಗೆ ಹೇಳಿದೆ. ಎಲ್ಲ ಸೇರಿ, ಅವನಿಗೆ ತಿಳಿಸದೆ, ಅವನಿಗೊಪ್ಪುವ ಸಿಸ್ಟಂ ಹುಡುಕಿದೆವು: ಟೆನ್ ಕ್ಯಾಂಡಲ್ಸ್. ಹತ್ತು ಮೇಣದ ದೀಪ ಹಚ್ಚಿಟ್ಟು ಆಡುವುದು, ಆರಿದ ದೀಪ ಮತ್ತೆ ಹಚ್ಚುವಂತಿಲ್ಲ, ಕೊನೆಯದು ಆರುವುದರೊಳಗೆ ಎಲ್ಲರೂ ಸಾಯುವುದು ಖಚಿತ. ಮುಗಿಯದೆ ವಿಧಿಯೇ ಇಲ್ಲದ ಆಟ. ಫ್ಯಾನು ನಿಲ್ಲಿಸಿ ಬೆವರುತ್ತ ಕೂತೆವು. ನಡುವೆ ಪಾರ್ಸೆಲ್ ಹುಡುಗ ಬಂದಾಗ ಬಾಗಿಲ ಗಾಳಿಗೆ ಮೂರು ದೀಪ ಒಟ್ಟಿಗೆ ಆರಿದವು. ನಿಯಮ ನಿಯಮವೇ. ಬೇಗ ಬೇಗ ಸತ್ತೆವು. ಲೈಟು ಹಾಕಿದಾಗ ಸ್ವಾಮಿ ಕಣ್ಣು ಕಿರಿದು ಮಾಡಿಕೊಂಡು ನಮ್ಮನ್ನೆಲ್ಲ ನೋಡಿದ.

"ಮುಗೀತಾ?"

"ಮುಗೀತು ಕಣೋ."

"ಈಗೇನ್ ಮಾಡೋದು?"

ಆಟ ಮುಗಿದ ಮೇಲೆ ಜನ ಏನು ಮಾಡುತ್ತಾರೆಂದು ಪಾಪ, ಅವನಿಗೆ ಗೊತ್ತಿರಲಿಲ್ಲ. ಪಾರ್ಸೆಲ್ ಅಷ್ಟು ಹೊತ್ತಿಗೆ ಖಾಲಿಯಾಗಿತ್ತು. ಹತ್ತಿರದ ಹೋಟೆಲಿಗೆ ಕರೆದುಕೊಂಡು ಹೋದೆವು. ಮಾಣಿ ಎಲ್ಲರಿಗೂ ಒಂದೊಂದು ಮೆನು ಕಾರ್ಡು ಕೊಟ್ಟ. ಸ್ವಾಮಿ ಒಬ್ಬೊಬ್ಬರ ಕೈಯಿಂದಲೂ ಅದನ್ನು ವಾಪಸ್ ಇಸಿದುಕೊಂಡ.