ಡಿಟಿಪಿ ಸಾರ್

ನಮ್ಮ ಡಿಟಿಪಿ ಸಾರ್‌ಗೂ ಅಪ್ಪ ಅಮ್ಮ ಇಟ್ಟ ಹೆಸರೊಂದಿದೆ, ಆದರೆ ಅದರ ಅಗತ್ಯ ಯಾರಿಗೂ ಬಿದ್ದಿಲ್ಲ. ಚಾಮರಾಜಪೇಟೆಯ ಒಂದು ಪ್ರೆಸ್ಸಿನ ಮೆಟ್ಟಿಲ ಕೆಳಗೆ, ಬೇರೆ ಕಡೆ ಪೊರಕೆ, ಬಕೆಟ್ಟು ಇಡುವಂಥ ಜಾಗದಲ್ಲಿ ಅವರು ಇಪ್ಪತ್ತು ವರ್ಷಗಳಿಂದ ಕೂತಿದ್ದಾರೆ. ಎದ್ದರೆ ತಲೆ ಮೆಟ್ಟಿಲಿಗೆ ತಾಗುತ್ತದೆ. ಹಾಗಾಗಿ ಎಂಥ ಸಾಹಿತಿ ಬಂದರೂ ಏಳುವುದಿಲ್ಲ. ಇದನ್ನು ಅಹಂಕಾರವೆಂದು ತಿಳಿದು ಮುನಿಸಿಕೊಂಡ ಕವಿಗಳಿದ್ದಾರೆ.

ಮೇಜಿನ ಮೇಲೆ ಎರಡು ಕಂಪ್ಯೂಟರು. ಹೊಸದು ಪ್ರೆಸ್ಸಿನವರದು, ಹಳೆಯದು ಅವರ ಸ್ವಂತದ್ದು. ಹಳೆಯದರಲ್ಲಿ ಪೇಜ್‌ಮೇಕರ್ 7.0 ಇದೆ. ಅದು ಬಂದದ್ದು 2001ರಲ್ಲಿ. ಆಮೇಲೆ ಆ ವಂಶದಲ್ಲಿ ಮಕ್ಕಳಾಗಲಿಲ್ಲ. ಆ ಪೆಟ್ಟಿಗೆಗೆ ಇಂಟರ್‌ನೆಟ್ ಕೊಟ್ಟಿಲ್ಲ, ಬಾಣಂತಿಗೆ ಹೊರಗಿನ ಗಾಳಿ ಸೋಕದಂತೆ ಕಾಪಾಡಿಕೊಂಡು ಬಂದಿದ್ದಾರೆ. ಹೋದ ಆಯುಧಪೂಜೆಯ ಕುಂಕುಮ ಇನ್ನೂ ಸಿಪಿಯು ಹಣೆಯಲ್ಲಿದೆ.

ಫೈಲು ಕಳಿಸಿದ ಹತ್ತು ನಿಮಿಷಕ್ಕೆ ಅವರ ಫೋನು. "ಬಿಚ್ಕೊಳ್ತಾ ಇಲ್ಲ ಸಾರ್." ಇಲ್ಲವೇ, "ಬಿಚ್ಕೊಂಡಿದೆ, ಬರೀ ಡಬ್ಬ ಬಂದಿದೆ." ಎರಡರಲ್ಲಿ ಯಾವುದಾದರೂ ಮುಂದಿನ ಪ್ರಶ್ನೆ ಒಂದೇ. ಮದುವೆಮನೆಯಲ್ಲಿ ಹಿರಿಯರು "ತಾವು ಯಾವ ಪೈಕಿ?" ಎಂದು ಮೆಲ್ಲಗೆ ವಿಚಾರಿಸುತ್ತಾರಲ್ಲ, ಅದೇ ದನಿಯಲ್ಲಿ "ಯಾವ ಫಾಂಟು?" ಎನ್ನುತ್ತಾರೆ. ನಮ್ಮಲ್ಲಿ ಬಹುಪಾಲು ಲೇಖಕರು "ಕನ್ನಡದಲ್ಲೇ ಹೊಡೆಸಿದ್ದೀನ್ರೀ" ಎಂದು ಉತ್ತರಿಸುತ್ತಾರೆ. "ಕನ್ನಡ ಅನ್ನೋ ಫಾಂಟು ಇಲ್ಲ ಸಾರ್."

ಫಾಂಟುಗಳ ಕುಲಗೋತ್ರವೆಲ್ಲ ಅವರಿಗೆ ಬಾಯಿಪಾಠ. ಶೇಷಾದ್ರಿವಾಸು ಅವರ 'ಬರಹ' 1998ರದು, 'ನುಡಿ' ಕನ್ನಡ ಗಣಕ ಪರಿಷತ್ತಿನದು. ಇವೆರಡೂ ದಾಯಾದಿಗಳು, ಹೇಗೋ ಹೊಂದಿಕೊಳ್ಳುತ್ತವೆ. 'ಶ್ರೀಲಿಪಿ' ಪುಣೆಯ ಕಡೆಯದು, ಅದರ ಲೆಕ್ಕವೇ ಬೇರೆ. ಒಂದೇ ಫೈಲಿನಲ್ಲಿ ಮುನ್ನುಡಿ ಶ್ರೀಲಿಪಿಯಲ್ಲೂ ಕಥೆಗಳು ನುಡಿಯಲ್ಲೂ ಬಂದರೆ ಮಾತ್ರ ಸಾರ್ ಕನ್ನಡಕ ತೆಗೆದು ಮೇಜಿನ ಮೇಲಿಡುತ್ತಾರೆ. ಆಗ ಟೀ ತರಿಸಬೇಕಾದದ್ದು ಲೇಖಕರ ಧರ್ಮ.

ಒಮ್ಮೆ ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು 'ಕನ್ನಡ' ಎಂಬ ಪದದ ಫಾಂಟು ತೆಗೆದು ತೋರಿಸಿದರು. ನುಡಿಯ ಬಟ್ಟೆ ಕಳಚಿದ್ದೇ ತಡ, ಅಲ್ಲಿ ನಿಂತಿದ್ದವು ಏಳು ತುಂಡುಗಳು: ದೊಡ್ಡ ಪಿ, ತಲೆಯ ಮೇಲೆ ಗೆರೆ ಹೊತ್ತ ಎ, ಬ್ರಿಟಿಷರ ಪೌಂಡ್ ಗುರುತು, ಮತ್ತೆ ಆ ಎ, ಜರ್ಮನ್ನರ ಒಂದಕ್ಷರ, ಸಣ್ಣ ಕ್ಯೂ, ಕೊನೆಗೆ ಮತ್ತದೇ ಎ. ತಲೆ ಮೇಲೆ ಗೆರೆ ಹೊತ್ತ ಆ ಎ ನಮ್ಮ ತಲಕಟ್ಟಂತೆ. "ಒಳಗೆ ಇಷ್ಟೇ ಸಾರ್ ಇರೋದು" ಎಂದರು, ಆಪರೇಷನ್ ಥಿಯೇಟರಿನಿಂದ ಹೊರಬಂದ ಡಾಕ್ಟರರ ಹಾಗೆ. ನನಗೆ ಆವತ್ತು ಊಟ ಸೇರಲಿಲ್ಲ.

ಆದರೆ ಅವರ ಜೀವಮಾನದ ವೈರಿ ಅರ್ಕಾವತ್ತು. ನುಡಿ ಕಣ್ಣಿಗೆ ಕಂಡಂತೆ ಬರೆದಿಡುತ್ತದೆ, ಹಾಗಾಗಿ ಅರ್ಕಾವತ್ತು ಅಕ್ಷರದ ಹಿಂದೆ ಬಾಲವಾಗಿರುತ್ತದೆ. ಯೂನಿಕೋಡು ಬಾಯಲ್ಲಿ ಆಡಿದಂತೆ ಬರೆದಿಡುತ್ತದೆ, ಅದಕ್ಕೆ 'ರ್' ಮೊದಲು ಬರಬೇಕು. ಅದರಿಂದ ಇದಕ್ಕೆ ಬದಲಿಸುವ ಕನ್ವರ್ಟರಿಗೆ ಆ ಬಾಲವನ್ನು ಮುಂದಕ್ಕೆ ತರುವ ಬುದ್ಧಿ ಇಲ್ಲದಿದ್ದರೆ ಕರ್ನಾಟಕ 'ಕನಾರ್ಟಕ'ವಾಗುತ್ತದೆ, ಧರ್ಮ 'ಧಮರ್' ಆಗುತ್ತದೆ, ಮರ್ಯಾದೆ ಹೋಗಿ 'ಮಯಾರ್ದೆ' ಉಳಿಯುತ್ತದೆ. ಮದುವೆ ಪತ್ರಿಕೆಯಲ್ಲಿ 'ಆಶೀವಾರ್ದ' ಬೇಡಿದವರನ್ನು ನಾನೇ ಕಂಡಿದ್ದೇನೆ. ಅದನ್ನೂ ಯಾರೋ ಮಾಡಿರಬೇಕು, ದಂಪತಿ ಚೆನ್ನಾಗಿದ್ದಾರೆ.

ಹೀಗಾಗಿ ಸಾರ್‌ಗೆ ಅವರದೇ ಆದ ವಿಮರ್ಶೆಯ ಮಾನದಂಡವೊಂದು ಬೆಳೆದಿದೆ. "ಅವರಾ? ಒಳ್ಳೇ ಕವಿ ಸಾರ್. ಇಡೀ ಪುಸ್ತಕಕ್ಕೆ ಹನ್ನೊಂದೇ ಅರ್ಕಾವತ್ತು." ಹಳಗನ್ನಡದ ಪ್ರಾಧ್ಯಾಪಕರೊಬ್ಬರ ಹೆಸರೆತ್ತಿದರೆ ಮುಖ ಬಾಡುತ್ತದೆ. "ಪುಟಕ್ಕೆ ನಲವತ್ತು. ಪುಣ್ಯಾತ್ಮ, 'ಸರಕಾರ' ಅಂತ ಬರೆದ್ರೆ ಏನು ಗಂಟು ಹೋಗುತ್ತೆ?" ನವ್ಯ, ದಲಿತ, ಬಂಡಾಯ ಯಾವುದೂ ಅವರನ್ನು ಅಲ್ಲಾಡಿಸಿಲ್ಲ. ಆದರೂ ಅವರ ಅಂದಾಜು ನಮ್ಮ ಎಷ್ಟೋ ವಿಮರ್ಶಕರದಕ್ಕಿಂತ ಹೆಚ್ಚು ಸಲ ಸರಿಹೋಗಿದೆ ಎಂದು ನನಗೆ ಗುಮಾನಿ.

ಒಂದೇ ಒಂದು ಸಲ ಅವರು ಎಡವಿದ್ದು ನವೆಂಬರಿನ ಗಡಿಬಿಡಿಯಲ್ಲಿ. ರಾಜ್ಯೋತ್ಸವದ ಸ್ಮರಣ ಸಂಚಿಕೆಗಳು ಸಾಲುಗಟ್ಟಿ ನಿಂತಿದ್ದವು. ಒಂದರಲ್ಲಿ ಎಲ್ಲೆಲ್ಲೂ 'ಸೂಯರ್', 'ಕಾಯರ್'. ಒಂದೊಂದಾಗಿ ತಿದ್ದುವಷ್ಟು ವ್ಯವಧಾನ ಯಾರಿಗಿದೆ? 'ಯರ್' ಹುಡುಕು, 'ರ್ಯ' ಹಾಕು, ರಿಪ್ಲೇಸ್ ಆಲ್. ಸೂರ್ಯ ಬೆಳಗಿದ, ಕಾರ್ಯ ಕೈಗೂಡಿತು. ಜತೆಗೆ ಬಡಾವಣೆಯ ನಿವೃತ್ತ ಇಂಜಿನಿಯರ್ ಒಬ್ಬರು 'ಇಂಜಿನಿರ್ಯ' ಆದರು, ಅವರ ಬೀಗರಾದ ಅಯ್ಯರ್ 'ಅಯ್ರ್ಯ' ಆದರು, ಹಾಸ್ಯಲೇಖನದಲ್ಲಿದ್ದ ಬಿಯರ್ 'ಬಿರ್ಯ'ವಾಗಿ ಬಿರಿಯಾನಿಯ ಕಡೆಗೆ ಅರ್ಧ ದಾರಿ ನಡೆದುಬಿಟ್ಟಿತ್ತು. ಐನೂರು ಪ್ರತಿ ಅಚ್ಚಾದ ಮೇಲೆ ಗೊತ್ತಾಯಿತು. ಇಂಜಿನಿಯರರೇ ಖುದ್ದು ಬಂದರು. ಸಾರ್ ಆವತ್ತು ಎದ್ದು ನಿಂತರು, ತಲೆಯೂ ತಾಗಿತು. ಊದಿದ ಹಣೆ ನೋಡಿ ಬಂದವರ ಸಿಟ್ಟು ಇಳಿದುಹೋಯಿತು.

"ಈಗೆಲ್ಲ ಯೂನಿಕೋಡಲ್ಲವಾ, ನಿಮಗೇನು ಕೆಲಸ?" ಎಂದು ಕೇಳಿದ್ದೆ. ನಕ್ಕರು. ಹಳೆಯ ಫೈಲು ಯೂನಿಕೋಡಿಗೆ ಹೋಗಬೇಕು. ಪೇಜ್‌ಮೇಕರಿಗೆ ಯೂನಿಕೋಡು ಆಗಿಬರುವುದಿಲ್ಲ, ಹಾಗಾಗಿ ಹೊಸದು ವಾಪಸು ನುಡಿಗೆ ಬರಬೇಕು. ಅಚ್ಚಾದದ್ದನ್ನು ವಾಟ್ಸಾಪಿಗೆ ಹಾಕಲು ಮತ್ತೆ ಯೂನಿಕೋಡು. "ತವರುಮನೆ, ಗಂಡನಮನೆ ಓಡಾಟ ನಿಲ್ಲುತ್ತಾ ಸಾರ್?"

ಈ ಬರಹವನ್ನೂ ಅವರಿಗೇ ಕಳಿಸಿದ್ದೆ. ಸಂಜೆಯೇ ಫೋನು ಬಂತು. "ಕೈ ಕೆಟ್ಟಿದೆ ಸಾರ್ ನಿಮ್ದು. ಕರ್ನಾಟಕ, ಧರ್ಮ, ಮರ್ಯಾದೆ ಎಲ್ಲಾ ತಪ್ಪು ತಪ್ಪಾಗಿತ್ತು. ಒಂದೂ ಬಿಡದೆ ಸರಿ ಮಾಡಿದೀನಿ." ತೆಗೆದು ನೋಡಿದೆ: "ಕರ್ನಾಟಕ 'ಕರ್ನಾಟಕ'ವಾಗುತ್ತದೆ, ಧರ್ಮ 'ಧರ್ಮ' ಆಗುತ್ತದೆ, ಮರ್ಯಾದೆ ಹೋಗಿ 'ಮರ್ಯಾದೆ' ಉಳಿಯುತ್ತದೆ." ಎರಡನೇ ಸಲ ಕಳಿಸುವಾಗ ಮೇಲೆ ಕೆಂಪಕ್ಷರದಲ್ಲಿ 'ದಯವಿಟ್ಟು ಏನನ್ನೂ ಮುಟ್ಟಬೇಡಿ' ಎಂದು ಬರೆದೆ. ಅದು ಅವರಿಗೆ ಡಬ್ಬ ಡಬ್ಬವಾಗಿ ಕಂಡಿತಂತೆ.